ವೈಯಕ್ತಿಕ ಬ್ಲಾಗುಗಳ ಬರಹಕ್ಕೂ ವಿನ್ಯಾಸಕ್ಕೂ ಅಂಕ ಕೊಡಬೇಕಿದೆ: ಅನುಭವ ಇದ್ದವರು ಹೇಳಿ

ಹಾಸನದ ಪಿಯು ಉಪನ್ಯಾಸಕಿ

ನಮ್ಮ ತಾಲ್ಲೂಕಿನ ಕನ್ನಡ ಸಂಘದವರು ಈ ಸಲದ ರಾಜ್ಯೋತ್ಸವಕ್ಕೆ ವೈಯಕ್ತಿಕ ಬ್ಲಾಗುಗಳ ಸ್ಪರ್ಧೆ ಇಟ್ಟಿದ್ದಾರೆ. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬಳು. ಬರಹಕ್ಕೆ 50, ವಿನ್ಯಾಸಕ್ಕೆ 50 ಎಂದು ಹೇಳಿ ಲಿಂಕುಗಳ ಪಟ್ಟಿ ಕಳಿಸಿದ್ದಾರೆ, ಬೇರೆ ಸೂಚನೆ ಏನೂ ಇಲ್ಲ. ಉತ್ತರಪತ್ರಿಕೆ ತಿದ್ದಿ ರೂಢಿ ಇದೆ. ಆದರೆ ಇಲ್ಲಿ ಒಬ್ಬರದು ಅಡುಗೆ, ಒಬ್ಬರದು ಕವಿತೆ, ಇನ್ನೊಬ್ಬರದು ತೋಟದ ದಿನಚರಿ. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ವಿನ್ಯಾಸ ಎಂದರೆ ಬಣ್ಣ, ಚಿತ್ರ ಚೆನ್ನಾಗಿವೆಯೇ ಎಂದು ನೋಡುವುದಷ್ಟೇನಾ? ಬರೆದವರಿಗೆ ಅನ್ಯಾಯ ಆಗಬಾರದು ಎಂಬುದೇ ನನ್ನ ಚಿಂತೆ.

ಮೈಸೂರಿನ ನಿವೃತ್ತ ಉಪಸಂಪಾದಕ

ಮೇಡಂ, ಬರಹಕ್ಕೆ ಅಂಕ ಹಾಕಿ ಮುಗಿಯುವ ತನಕ ವಿನ್ಯಾಸ ನಿಮ್ಮ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ. ಫೈರ್‌ಫಾಕ್ಸ್, ಸಫಾರಿ ಎರಡರಲ್ಲೂ ರೀಡರ್ ಎಂಬ ಸೌಲಭ್ಯ ಇದೆ. ಅದನ್ನು ಒತ್ತಿದರೆ ಬಣ್ಣ, ಪಕ್ಕದ ಪಟ್ಟಿ, ಜಾಹೀರಾತು ಎಲ್ಲ ಹೋಗಿ ಬರಹ, ಅದರೊಳಗಿನ ಚಿತ್ರ ಮಾತ್ರ ಉಳಿಯುತ್ತವೆ. ಅದು ನಡೆಯದ ಪುಟವಾದರೆ ಬರಹವನ್ನು ಖಾಲಿ ಕಡತಕ್ಕೆ ಅಂಟಿಸಿಕೊಂಡು ಓದಿ. ದುಡ್ಡು ಕೊಟ್ಟು ತಂದ ಥೀಮಿನಲ್ಲಿ (ಸಿದ್ಧ ವಿನ್ಯಾಸದಲ್ಲಿ) ಸಾಧಾರಣ ಗದ್ಯಕ್ಕೂ ಒಂದು ಘನತೆ ಬಂದುಬಿಡುತ್ತದೆ. ಹತ್ತು ವರ್ಷ ಹಳೆಯ ಟೆಂಪ್ಲೇಟಿನಲ್ಲಿ ಒಳ್ಳೆಯ ಗದ್ಯವೂ ಕಳೆಗುಂದುತ್ತದೆ. ಇದು ತೀರ್ಪುಗಾರರ ಅರಿವಿಗೆ ಬಾರದೆಯೇ ನಡೆಯುತ್ತದೆ.

ಮುಖಪುಟದ ಮೇಲಿನ ಬರಹವೊಂದನ್ನೇ ಓದಬೇಡಿ, ಅದು ಸ್ಪರ್ಧೆಗೆಂದೇ ಉಜ್ಜಿ ಇಟ್ಟದ್ದಿರಬಹುದು. ಹಳೆಯದೊಂದು, ನಡುವಿನದೊಂದು, ಇತ್ತೀಚಿನದೊಂದು, ಜೊತೆಗೆ ಬರೆದವರೇ ಆರಿಸಿಕೊಟ್ಟದ್ದೊಂದು. ಎಲ್ಲರಿಗೂ ಇದೇ ಕ್ರಮ ಇರಲಿ. ಬ್ಲಾಗಿನ ಗುಣ ತಿಳಿಯುವುದು ಒಂದು ಬರಹದಿಂದ ಇನ್ನೊಂದಕ್ಕೆ ಆ ದನಿ ಹೇಗೆ ಮುಂದುವರಿದಿದೆ ಎಂದು ನೋಡಿದಾಗ.

ನಾನು ಮುಖ್ಯವಾಗಿ ಹುಡುಕುವುದು ಒಂದನ್ನೇ: ಇವರು ಮಾತ್ರ ಬರೆಯಬಹುದಾಗಿದ್ದ ಸಾಲು ಇಲ್ಲಿ ಎಲ್ಲಾದರೂ ಇದೆಯೇ? ಮಲೆನಾಡಿನವರೊಬ್ಬರು ‘ಮಳೆಗಾಲ ಬಂತೆಂದರೆ ಮನಸ್ಸೂ ಹಸಿರಾಗುತ್ತದೆ’ ಎಂದು ಬರೆಯುತ್ತಾರೆ ಅಂದುಕೊಳ್ಳಿ. ಮಳೆಯನ್ನು ಟಿವಿಯಲ್ಲಿ ಕಂಡವರೂ ಆ ಸಾಲು ಬರೆಯಬಲ್ಲರು. ಅವರೇ, ಅಡಿಕೆಗೆ ಕೊಳೆರೋಗ ಬೀಳುವ ಮುಂಚೆ ಬೋರ್ಡೋ ದ್ರಾವಣ ಹೊಡೆಸಬೇಕು, ಮೈಲುತುತ್ತ, ಸುಣ್ಣ ಎರಡೂ ತಂದಿಟ್ಟಾಗಿದೆ, ಮಳೆಯೂ ಹೊಳವಾಗಿದೆ, ಮರ ಹತ್ತುವ ಕೊನೆಗೌಡ ಮಾತ್ರ ಫೋನು ಎತ್ತುತ್ತಿಲ್ಲ ಎಂದು ಬರೆದರೆ? ಮಳೆಗಾಲ, ಮನೆಯವರ ಆತಂಕ, ಊರಲ್ಲಿ ಕೆಲಸದವರು ಸಿಗದ ಕಷ್ಟ ಮೂರೂ ಒಂದೇ ಉಸಿರಿನಲ್ಲಿ ಬಂದವು. ‘ಆತಂಕ’ ಎಂಬ ಪದವನ್ನೇ ಬಳಸಬೇಕಾಗಲಿಲ್ಲ. ಇಂಥ ಕಡೆ ಧಾರಾಳವಾಗಿ ಅಂಕ ಕೊಡಿ.

ಆಡುಮಾತಿನಲ್ಲಿ ಬರೆದದ್ದಕ್ಕೆ ದಯವಿಟ್ಟು ಅಂಕ ಕಳೆಯಬೇಡಿ. ಕುಂದಾಪುರದ ಕನ್ನಡವೋ ಕಲಬುರಗಿಯದೋ, ಬರಹದುದ್ದಕ್ಕೂ ಅದು ಒಂದೇ ನಡೆಯಲ್ಲಿ ಇದ್ದರೆ ಆಯಿತು. ಕಾಗುಣಿತದ ಅಜಾಗ್ರತೆ ಬೇರೆ ವಿಷಯ: ಒಂದೇ ಹೆಸರು ಒಂದೇ ಬರಹದಲ್ಲಿ ಎರಡು ಥರ, ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ, ಪ್ರತಿ ಸಾಲಿನ ಕೊನೆಗೂ ಚುಕ್ಕಿಗಳ ಸರಮಾಲೆ. ಪ್ರಕಟಿಸುವ ಮೊದಲು ಬರೆದವರು ತಮ್ಮದನ್ನು ತಾವೇ ಒಮ್ಮೆ ಓದಿಲ್ಲ ಎಂಬುದು ಅಲ್ಲಿ ಗೊತ್ತಾಗುತ್ತದೆ. ‘ಬರೆಯದೆ ಬಹಳ ದಿನಗಳಾದವು, ಕ್ಷಮಿಸಿ’ ಎಂದು ಶುರುವಾದ ಬರಹವನ್ನು ಎರಡನೇ ಪ್ಯಾರಾದಿಂದ ಓದಿ ನೋಡಿ. ಏನೂ ಕಳೆದುಕೊಂಡಂತೆ ಅನಿಸದಿದ್ದರೆ ಬರೆದವರಿಗೆ ಹಾಗೇ ಹೇಳಿ, ಮುಂದಿನ ಸಲ ಅವರಿಗೆ ಉಪಯೋಗವಾಗುತ್ತದೆ.

ಬೆಂಗಳೂರಿನ ವೆಬ್ ವಿನ್ಯಾಸಕಿ

ಸರ್ ಬರಹದ ಬಗ್ಗೆ ಹೇಳಿದರು, ನಾನು ವಿನ್ಯಾಸದ ಕಡೆ ಬರುತ್ತೇನೆ. ಬಣ್ಣ, ಚಿತ್ರ ಎಲ್ಲ ಕೊನೆಗೆ. ಮೊದಲ ಪ್ರಶ್ನೆ: ಇದು ಕನ್ನಡ ಲಿಪಿಗೆಂದು ಮಾಡಿದ ಪುಟವೇ, ಅಥವಾ ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದ್ದಾರೆಯೇ?

ನಮ್ಮ ಲಿಪಿಯಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ‘ರಾಷ್ಟ್ರ’, ‘ವೈಶಿಷ್ಟ್ಯ’ ಥರದ ಪದಗಳಿರುವ ಪ್ಯಾರಾ ತೆಗೆದು ನೋಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟಿಗೆ ತಾಗುತ್ತಿದ್ದರೆ ಸಾಲುಗಳ ನಡುವೆ ಜಾಗ ಸಾಲದು ಎಂದೇ ಅರ್ಥ. ನನ್ನ ಕೆಲಸದಲ್ಲಿ ಅಕ್ಷರದ ಅಳತೆಯ 1.6ರಿಂದ 1.8 ಪಟ್ಟು ಸಾಲಿನ ಎತ್ತರ ಇಡುತ್ತೇನೆ. ಇಂಗ್ಲಿಷ್ ಥೀಮುಗಳಲ್ಲಿ ಅದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಎರಡೂ ಅಂಚು ಸಮ ಮಾಡಿದ ಪುಟವನ್ನೂ ಗಮನಿಸಿ. ಪ್ರತ್ಯಯಗಳು ಸೇರಿ ನಮ್ಮ ಪದಗಳು ಉದ್ದವಾಗುತ್ತವೆ, ಮೊಬೈಲಿನ ಕಿರಿದಾದ ಸಾಲಿನಲ್ಲಿ ಎರಡೇ ಪದ ನಿಂತು ನಡುವೆ ದೊಡ್ಡ ಕಿಂಡಿ ಬೀಳುತ್ತದೆ. ಎಡಕ್ಕೆ ಮಾತ್ರ ಸಮ ಮಾಡಿದ್ದೇ ಓದಲು ಹಿತ. ಓರೆ ಅಕ್ಷರದ ರೂಢಿಯೂ ಕನ್ನಡಕ್ಕಿಲ್ಲ, ಬ್ರೌಸರು ನೆಟ್ಟಗಿನ ಅಕ್ಷರವನ್ನೇ ವಾಲಿಸಿ ತೋರಿಸುತ್ತದೆ. ಕವಿತೆಯನ್ನೆಲ್ಲ ಹಾಗೆ ಹಾಕಿದರೆ ಕಣ್ಣು ಬೇಗ ದಣಿಯುತ್ತದೆ.

ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಇರಬೇಕಾದ ಬೆಳಕಿನ ವ್ಯತ್ಯಾಸಕ್ಕೆ (ಕಾಂಟ್ರಾಸ್ಟ್) ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ: ಸಾಮಾನ್ಯ ಗಾತ್ರದ ಪಠ್ಯಕ್ಕೆ ಕನಿಷ್ಠ 4.5ಕ್ಕೆ 1. ಅಳೆದು ಹೇಳುವ ಉಚಿತ ಸಾಧನಗಳು ಸಿಗುತ್ತವೆ. ತಿಳಿಬೂದು ಬಣ್ಣದ ಸಣ್ಣ ಅಕ್ಷರ ಲ್ಯಾಪ್‌ಟಾಪಿನಲ್ಲಿ ನಾಜೂಕಾಗಿ ಕಂಡರೂ ಬಸ್‌ಸ್ಟಾಂಡಿನ ಬಿಸಿಲಲ್ಲಿ ಫೋನು ಹಿಡಿದವರಿಗೆ ಕಾಣುವುದೇ ಇಲ್ಲ. ಆದ್ದರಿಂದ ಎಲ್ಲ ಬ್ಲಾಗುಗಳನ್ನೂ ಒಂದೇ ಸಾಧಾರಣ ಫೋನಿನಲ್ಲಿ, ಮನೆಯ ವೈಫೈ ನಿಲ್ಲಿಸಿ ಮೊಬೈಲ್ ಡೇಟಾದಲ್ಲಿ ತೆಗೆದು ನೋಡಿ.

ಹಳೆಯ ಬರಹ ಸಿಗುತ್ತದೆಯೇ ಎಂಬುದಕ್ಕೂ ತೂಕ ಇರಲಿ. ಜಾಲತಾಣಗಳ ಬಳಕೆ ಎಷ್ಟು ಸುಲಭ ಎಂದು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ ಎಂಬ ತಜ್ಞ 2005ರಲ್ಲಿ ಬ್ಲಾಗು ವಿನ್ಯಾಸದ ಹತ್ತು ತಪ್ಪುಗಳನ್ನು ಪಟ್ಟಿ ಮಾಡಿದ್ದರು. ಬರೆದವರ ಪರಿಚಯ ಇಲ್ಲದಿರುವುದು, ಒಳಗೇನಿದೆ ಎಂದು ಹೇಳದ ಶೀರ್ಷಿಕೆ, ಒಳ್ಳೆಯ ಹಳೆಯ ಬರಹಗಳು ಹೂತುಹೋಗಿರುವುದು, ತಿಂಗಳ ಪಟ್ಟಿಯೊಂದೇ ದಾರಿಯಾಗಿರುವುದು, ಇವೆಲ್ಲ ಅದರಲ್ಲಿವೆ. ಇವತ್ತಿನ ಕನ್ನಡ ಬ್ಲಾಗುಗಳಲ್ಲೂ ಇವೇ ಕಾಣುತ್ತವೆ. ಯಾರಿಗೂ 2014ರ ಜೂನಿನಲ್ಲಿ ಏನು ಬರೆದಿದ್ದರು ಎಂಬ ಪ್ರಶ್ನೆ ಇರುವುದಿಲ್ಲ. ‘ಅಜ್ಜಿಯ ನೆನಪು’, ‘ಸೈಕಲ್ ಪ್ರವಾಸ’ ಎಂಬ ವಿಭಾಗಗಳಿದ್ದರೆ ಓದುಗ ಒಳಗೆ ಬರುತ್ತಾನೆ.

ಎರಡು ವಿಷಯಕ್ಕೆ ಮಾತ್ರ ಅಂಕ ಕಳೆಯಬೇಡಿ, ಅವು ಬರೆದವರ ಅಜಾಗ್ರತೆಯಿಂದ ಆದವಲ್ಲ. ಒಂದು, ವಿಳಾಸದ ಸಾಲು. ಕನ್ನಡ ಶೀರ್ಷಿಕೆ ಕೊಟ್ಟರೆ ಕೆಲವು ತಾಣಗಳು ಅದನ್ನು ಪೂರ್ತಿ ಬಿಟ್ಟು ಬರೀ ಸಂಖ್ಯೆ ಹಾಕುತ್ತವೆ. ಇನ್ನು ಕೆಲವು ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ ಶೇಕಡಾ ಗುರುತು ಸೇರಿದ 9 ಚಿಹ್ನೆಗಳನ್ನು ಹಾಕಿ ಮಾರುದ್ದ ಮಾಡುತ್ತವೆ. ಇನ್ನೊಂದು, ಯೂನಿಕೋಡಿಗೆ (ಎಲ್ಲ ಯಂತ್ರಗಳೂ ಒಂದೇ ಥರ ಗುರುತಿಸುವ ಅಕ್ಷರಸಂಕೇತಕ್ಕೆ) ಮುಂಚಿನ ಫಾಂಟಿನಲ್ಲಿ ಟೈಪು ಮಾಡಿ ಅಂಟಿಸಿದ ಹಳೆಯ ಬರಹ. ಅದು ಈಗ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಪರಿವರ್ತಿಸುವ ಉಚಿತ ಸಾಧನಗಳಿವೆ ಎಂದು ಅವರಿಗೆ ತಿಳಿಸಿ. ಒಳ್ಳೆಯ ಬರಹಗಳು ಆ ಗೋಜಲಿನೊಳಗೆ ಸಿಕ್ಕಿಕೊಂಡಿವೆ.

ಧಾರವಾಡದ ಬ್ಯಾಂಕ್ ಉದ್ಯೋಗಿ

ಮೇಡಮ್ಮಾರ, ನಾ ಕಣ್ಣಿಲೆ ಓದಾಂವ ಅಲ್ರಿ, ಕಿವೀಲೆ ಓದಾಂವ. ಕಂಪ್ಯೂಟರಿನ್ಯಾಗ ಎನ್‌ವಿಡಿಎ, ಫೋನಿನ್ಯಾಗ ಟಾಕ್‌ಬ್ಯಾಕ್ ಇಟಗೊಂಡೀನಿ, ಅವು ಪುಟಾ ಓದಿ ಹೇಳತಾವ. ಕನ್ನಡ ಯೂನಿಕೋಡಿಗೆ ಬಂದ ಮ್ಯಾಲೆ ನನ್ನಂಥಾವ್ರಿಗೆ ದೊಡ್ಡ ಬಾಗಲಾ ತೆರದಂಗ ಆಗೇತಿ. ಅದಕ್ಕ ಈ ಮಾತು ಸ್ವಲ್ಪ ಒತ್ತಿ ಹೇಳತೀನಿ.

ಭಾಳ ಮಂದಿ ಕವಿಗಳು ಹೂವಿನ ಫೋಟೋದ ಮ್ಯಾಲೆ ಕವಿತಾ ಬರದು, ಅದನ್ನ ಚಿತ್ರ ಮಾಡಿ ಹಾಕತಾರ. ನನಗ ಅಲ್ಲಿ ‘ಇಮೇಜ್’ ಅಂತ ಒಂದ ಶಬ್ದ ಕೇಳಸತೈತಿ, ಮುಗೀತು. ಕವಿತಾ ಎಷ್ಟ ಚಂದ ಇದ್ರೂ ನನ್ನ ತನಕ ಬರಂಗಿಲ್ಲ. ಹುಡುಕಿದ್ರೂ ಸಿಗಂಗಿಲ್ಲ, ಯಾರಿಗೂ ಒಂದು ಸಾಲು ತಗದು ಕಳಸಾಕ ಆಗಂಗಿಲ್ಲ. ಚಿತ್ರ ಇರಲಿ, ಅದರ ಕೆಳಗ ಕವಿತಾನೂ ಅಕ್ಷರದಾಗ ಇರಲಿ. ಎಲ್ಲಾ ಲಿಂಕಿಗೂ ‘ಇಲ್ಲಿ ಒತ್ತಿ’ ಅಂತ ಬರದ್ರ ನನಗ ‘ಇಲ್ಲಿ ಒತ್ತಿ, ಇಲ್ಲಿ ಒತ್ತಿ’ ಅಂತನ ಕೇಳಸತಾವ, ಯಾವುದು ಎಲ್ಲಿಗೆ ಒಯ್ತೈತಿ ಗೊತ್ತಾಗಂಗಿಲ್ಲ. ಪುಟಾ ತೆರದ ಕೂಡ್ಲೆ ತಾನ ಶುರು ಆಗೋ ಹಾಡು ಅಂತೂ ಬ್ಯಾಡ್ರಿ. ಹಾಡಿನ ದನಿ, ಓದೋ ದನಿ ಎರಡೂ ಕೂಡಿ ಒಂದೂ ತಿಳಿಯಂಗಿಲ್ಲ.

ಮೂವರು ತೀರ್ಪುಗಾರರು ಇದ್ದೀರಲ್ರಿ, ಒಬ್ಬರಾದರೂ ಕಣ್ಣು ಮುಚ್ಚಿ ಟಾಕ್‌ಬ್ಯಾಕ್ ಹಚ್ಚಿ ಒಂದೊಂದು ಬರಹ ಕೇಳ್ರಿ. ಒಳ್ಳೆ ಗದ್ಯ ಯಾವುದು ಅನ್ನೋದೂ ಅವಾಗ ಗೊತ್ತಾಗತೈತಿ. ಉಸಿರು ಹಿಡೀಲಾರದಷ್ಟು ಉದ್ದನ್ನ ವಾಕ್ಯ ಇದ್ರ ಯಂತ್ರನೂ ಎಡವತೈತಿ.

ಪುತ್ತೂರಿನ ಗೃಹಿಣಿ

ಅಡುಗೆ ಬ್ಲಾಗಿಗೆ ನನ್ನ ಪರೀಕ್ಷೆ ಸರಳ: ಅದನ್ನು ನೋಡಿಕೊಂಡು ಒಂದು ಅಡುಗೆ ಮಾಡಿ. ಪತ್ರೊಡೆಗೆ ಅಕ್ಕಿ ಎಷ್ಟು ಹೊತ್ತು ನೆನೆಯಬೇಕು, ಕೆಸುವಿನೆಲೆ ತುರಿಸದ ಹಾಗೆ ಹುಳಿ ಎಷ್ಟು ಎಂದು ಬರೆಯದೆ, ಬರೀ ಬಾಲ್ಯದ ನೆನಪು ಬರೆದರೆ ಅದು ಅರ್ಧ ಬರಹ. ಬರೀ ಅಳತೆ ಬರೆದು ಅದು ಯಾರ ಕೈಯಿಂದ ಬಂತು ಎಂದು ಹೇಳದಿದ್ದರೂ ಅರ್ಧವೇ ಮಾರಾಯ್ರೆ. ಅಡುಗೆಯನ್ನು ಕವಿತೆಯ ಜೊತೆ ಹೋಲಿಸಬೇಡಿ. ತಾನು ಏನು ಹೇಳಲು ಹೊರಟಿತೋ ಅದನ್ನು ಪೂರ್ತಿ ಹೇಳಿತೇ ಎಂದು ನೋಡಿ.

ಮೈಸೂರಿನ ನಿವೃತ್ತ ಉಪಸಂಪಾದಕ

ಪುತ್ತೂರಿನ ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ.

ವಿನ್ಯಾಸಕಿಯವರು ಹೇಳಿದ ನೀಲ್ಸನ್ ಪಟ್ಟಿಯಲ್ಲಿ ಇನ್ನೂ ಎರಡು ಅಂಶಗಳಿವೆ: ಅನಿಯತವಾಗಿ ಬರೆಯುವುದು, ಹಲವು ವಿಷಯ ಬೆರೆಸುವುದು. ಇವನ್ನು ನಾನು ವೈಯಕ್ತಿಕ ಬ್ಲಾಗಿಗೆ ಅನ್ವಯಿಸಲಾರೆ. ಆ ಮಾತು ವ್ಯವಹಾರಕ್ಕಾಗಿ, ವೃತ್ತಿಗಾಗಿ ಬರೆಯುವವರಿಗೆ ಸರಿ. ಶಾಲೆ, ಹಸು, ಚುನಾವಣೆ, ಮಗಳ ಜ್ವರ ಎಲ್ಲವೂ ಒಬ್ಬ ಮೇಷ್ಟರ ಬ್ಲಾಗಿನಲ್ಲಿ ಪಕ್ಕಪಕ್ಕ ಇದ್ದರೆ ಅದೇ ಅದರ ಸೊಗಸು. ಕನ್ನಡದ ಲಲಿತ ಪ್ರಬಂಧ ಬೆಳೆದದ್ದೂ ಹೀಗೆ ಕೈಗೆ ಸಿಕ್ಕ ವಿಷಯ ಹಿಡಿದುಕೊಂಡೇ.

ಕ್ಯಾಲಿಫೋರ್ನಿಯಾದಲ್ಲಿರುವ ಬ್ಲಾಗರ್

ನಾನು ಬರೆಯುವವರ ಕಡೆಯಿಂದ ಹೇಳುತ್ತೇನೆ. ಊರು ಬಿಟ್ಟು ಬಂದ ಹೊಸತರಲ್ಲಿ ಕನ್ನಡದಲ್ಲಿ ಮಾತಾಡಲು ಮನೆಯಾಚೆ ಯಾರೂ ಇರಲಿಲ್ಲ, ಬ್ಲಾಗೇ ಆ ಜಾಗವಾಯಿತು. ಹಲವು ಬ್ಲಾಗುಗಳ ಬರಹ ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ ಸೇವೆ 2013ರ ಜುಲೈಯಲ್ಲಿ ನಿಂತಾಗ, ಹೊಸ ಬರಹ ಬಂದದ್ದನ್ನು ತಿಳಿಸುತ್ತಿದ್ದ ದಾರಿಯೊಂದು ನಮ್ಮ ಓದುಗರಿಗೆ ಮುಚ್ಚಿಹೋಯಿತು. ಎಷ್ಟೋ ಜನ ಬ್ಲಾಗು ಬಿಟ್ಟು ಫೇಸ್‌ಬುಕ್ಕಿನ ಕಡೆ ಹೋದರು. ಆದ್ದರಿಂದ ಮೆಚ್ಚುಗೆಯ ಸಂಖ್ಯೆ, ಅನಿಸಿಕೆಗಳ ಸಂಖ್ಯೆ ನೋಡಿ ಗುಣ ಅಳೆಯಬೇಡಿ. ಅನಿಸಿಕೆಗೆ ಬರೆದವರು ಹೇಗೆ ಉತ್ತರಿಸಿದ್ದಾರೆ ಎಂದು ಓದಿ. ಯಾರೋ ತಿದ್ದುಪಡಿ ಸೂಚಿಸಿದಾಗ ಅದನ್ನು ಬರಹಕ್ಕೆ ಸೇರಿಸಿದ್ದರೆ ಅದು ಗೌರವದ ಲಕ್ಷಣ.

ಇನ್ನೆರಡು ವಿಷಯ ಅಂಕಪಟ್ಟಿಯಲ್ಲಿ ಇರಲೇಬೇಕು. ಕೃತಿಚೌರ್ಯ ಮೊದಲನೆಯದು. ಅನುಮಾನ ಬಂದ ಬರಹದ ನಡುವಿನ ಒಂದು ವಿಶಿಷ್ಟ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ನನ್ನ ಬರಹ ಬೇರೆಯವರ ಹೆಸರಿನಲ್ಲಿ ವಾಟ್ಸಾಪಿನಲ್ಲಿ ನನಗೇ ಬಂದದ್ದುಂಟು, ಆ ನೋವು ಚೆನ್ನಾಗಿ ಗೊತ್ತು. ಹಾಗಾಗಿ ಚಿತ್ರ ಯಾರದು, ಪದ್ಯ ಯಾರದು ಎಂದು ಹೆಸರಿಸಿದವರಿಗೆ ಅಂಕ ಸಿಗಲಿ. ಎರಡನೆಯದು, ಮನೆಯವರ ಬಗ್ಗೆ ಬರೆಯುವಾಗಿನ ಮಿತಿ. ಅತ್ತೆಯ ಕಾಯಿಲೆ, ನಾದಿನಿಯ ಮದುವೆ ಮಾತುಕತೆ ಮುರಿದದ್ದು, ಮಗುವಿನ ಶಾಲೆಯ ಹೆಸರು, ಫೋಟೋ ಎಲ್ಲ ಬಯಲಿಗಿಟ್ಟ ಬರಹ ಎಷ್ಟೇ ಕಣ್ಣೀರು ತರಿಸಲಿ, ಅವರ ಒಪ್ಪಿಗೆ ಕೇಳಿದ್ದಾರೆಯೇ ಎಂಬ ಪ್ರಶ್ನೆ ತೀರ್ಪುಗಾರರಿಗೆ ಬರಬೇಕು. ಆ ಜನರಿಗೆ ಉತ್ತರ ಕೊಡಲು ತಮ್ಮದೊಂದು ಬ್ಲಾಗು ಇರುವುದಿಲ್ಲ.

ಹಾಸನದ ಪಿಯು ಉಪನ್ಯಾಸಕಿ

ಎಲ್ಲರಿಗೂ ಮನಸಾರೆ ಧನ್ಯವಾದ. ಟಾಕ್‌ಬ್ಯಾಕ್ ಹಾಕಿ ಒಂದು ಕವಿತೆ ಕೇಳಿದೆ, ಧಾರವಾಡದ ಸರ್ ಹೇಳಿದ್ದು ಪೂರ್ತಿ ಅರ್ಥವಾಯಿತು. ಎರಡು ಸಂದೇಹ ಉಳಿದಿವೆ. 50-50 ಎಂಬ ಹಂಚಿಕೆ ಸರಿಯೇ? ಮತ್ತೆ, ಪಟ್ಟಿಯಲ್ಲಿ ಒಂದು ಬ್ಲಾಗು ವರ್ಷಗಳಿಂದ ನಿಂತುಹೋಗಿದೆ, ಆದರೆ ಹಳೆಯ ಬರಹಗಳು ಬಹಳ ಚೆನ್ನಾಗಿವೆ. ಅದನ್ನು ಬಿಡಬೇಕೇ?

ಮೈಸೂರಿನ ನಿವೃತ್ತ ಉಪಸಂಪಾದಕ

ಬಿಡಬೇಡಿ. ಸ್ಪರ್ಧೆಯ ನಿಯಮದಲ್ಲಿ ಅವಧಿ ಹೇಳಿಲ್ಲವಾದರೆ ನಿಂತ ಬ್ಲಾಗೂ ಬ್ಲಾಗೇ, ಇರುವುದನ್ನು ಓದಿ ಅಂಕ ಕೊಡಿ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಅದರ ಪುಟಗಳನ್ನು ಉಳಿಸಿಡಲು ಸಂಘದವರಿಗೆ ಹೇಳಿ, ವಿಳಾಸ ಹಾಕಿದರೆ ಒಂದು ಪ್ರತಿ ಉಳಿಯುತ್ತದೆ, ಖರ್ಚಿಲ್ಲ.

ಹಂಚಿಕೆ ಬದಲಿಸಲು ಕೇಳಿ ನೋಡಿ: ಬರಹಕ್ಕೆ 70, ವಿನ್ಯಾಸಕ್ಕೆ 30. ಸಿದ್ಧ ಟೆಂಪ್ಲೇಟು ಹಾಕಿಕೊಂಡವರಿಗೆ ಅರ್ಧ ಅಂಕದ ಮೇಲೆ ಹಿಡಿತವೇ ಇರುವುದಿಲ್ಲ. ಸಂಘದವರು ಒಪ್ಪದಿದ್ದರೆ ವಿನ್ಯಾಸದ 50ರಲ್ಲಿ ದೊಡ್ಡ ಪಾಲನ್ನು ಓದಲು ಹಿತವೇ, ಹಳೆಯದು ಸಿಗುತ್ತದೆಯೇ, ಕಿವಿಗೆ ದಕ್ಕುತ್ತದೆಯೇ ಎಂಬ ಮೂರಕ್ಕೆ ಇಟ್ಟು ಅಂದಕ್ಕೆ ಸ್ವಲ್ಪ ಬಿಡಿ.

ಶುರು ಮಾಡುವ ಮೊದಲು ಮೂವರೂ ಪಟ್ಟಿಯ ಆಚೆಗಿನ ಎರಡು ಬ್ಲಾಗು ಆರಿಸಿ, ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಒಟ್ಟಿಗೆ ಕೂತು ವ್ಯತ್ಯಾಸ ಯಾಕೆ ಬಂತೆಂದು ಮಾತಾಡಿ. ಅದಾದ ಮೇಲೆ ಪಟ್ಟಿ ಹಿಡಿಯಿರಿ, ಕೊನೆಯ ಬ್ಲಾಗು ಮುಗಿದ ಮೇಲೆ ಮೊದಲು ಓದಿದವನ್ನು ಮತ್ತೆ ಓದಿ. ಬಹುಮಾನ ಬಾರದವರಿಗೂ ನಾಲ್ಕು ಸಾಲು ಬರೆದು ಕಳಿಸಿ: ಯಾವ ಬರಹದ ಯಾವ ಸಾಲು ಹಿಡಿಸಿತು, ಯಾವುದನ್ನು ಸರಿಪಡಿಸಬಹುದು ಎಂದು. ಆ ಕೆಲಸಕ್ಕೆ ಸಮಯ ಬೇಕಾಗುತ್ತದೆ, ಫಲಿತಾಂಶದ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಲು ಸಂಘದವರಿಗೆ ಈಗಲೇ ಹೇಳಿಬಿಡಿ.