ಅರಬ್ ದೇಶಗಳಲ್ಲಿ ನಿಜಕ್ಕೂ ಬದಲಾಗಿದ್ದು ಏನು? ಅಲ್ಲಿದ್ದವರು ಹೇಳಿ

ಧಾರವಾಡ_ಪೇಡೆ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ರಾಜ್ಯಶಾಸ್ತ್ರ ಓದುತ್ತಿದ್ದೇನೆ. ಮುಂದಿನ ವಾರ ಕ್ಲಾಸಿನಲ್ಲಿ ಅರಬ್ ದೇಶಗಳ ಬದಲಾವಣೆ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಬೇಕು. ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ.

ಟ್ಯುನೀಷಿಯಾದಲ್ಲಿ 2010ರ ಡಿಸೆಂಬರ್ 17ರಂದು ಗಾಡಿ ವ್ಯಾಪಾರಿ ಮೊಹಮದ್ ಬುವಾಝೀಝಿ ಮೈಗೆ ಬೆಂಕಿ ಹಚ್ಚಿಕೊಂಡ. ಜನವರಿ 14ಕ್ಕೆ, 23 ವರ್ಷ ಆಳಿದ ಬೆನ್ ಅಲಿ ವಿಮಾನ ಹತ್ತಿ ಓಡಿದ. ಆಮೇಲೆ ಚುನಾವಣೆ, ಹೊಸ ಸಂವಿಧಾನ, 2015ರ ನೊಬೆಲ್ ಶಾಂತಿ ಪ್ರಶಸ್ತಿ ಎಲ್ಲಾ ಬಂತು. ಅದೇ ದೇಶದಲ್ಲಿ 2021ರ ಜುಲೈನಲ್ಲಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತಿಗೆ ಬೀಗ ಹಾಕಿದಾಗ ಎಷ್ಟೋ ಜನ ಬೀದಿಗೆ ಬಂದು ಹಾರ್ನ್ ಹೊಡೆದು ಸಂಭ್ರಮಿಸಿದರು! ಆ ಕಡೆ ಸೌದಿಯಲ್ಲಿ ಸಂಸತ್ ಚುನಾವಣೆಯೇ ಇಲ್ಲ, ಆದರೂ ಬದುಕು ಬದಲಾಗಿದೆ ಅಂತಾರೆ. ಇದರಲ್ಲಿ ಗಟ್ಟಿ ಯಾವುದು, ಟೊಳ್ಳು ಯಾವುದು? ಪುಸ್ತಕದ ಉತ್ತರ ಬೇಡ. ಕಣ್ಣಾರೆ ಕಂಡದ್ದು ಹೇಳಿದರೆ ಉಪಕಾರ.

ಜುಬೈಲ್_ರಿಟರ್ನ್

ನಮ್ಮೂರು ಕುಂದಾಪುರದ ಹತ್ತಿರ. 2003ರಿಂದ 2021ರವರೆಗೆ ಸೌದಿಯ ಜುಬೈಲಿನಲ್ಲಿ ಅಕೌಂಟೆಂಟ್ ಆಗಿದ್ದೆ. ಒಂದು ಆಫೀಸಿನ ಕಿಟಕಿಯಿಂದ ಎಷ್ಟು ಕಾಣುತ್ತೋ ಅಷ್ಟೇ ನಾನು ಕಂಡದ್ದು.

ಅಲ್ಲಿ ಮೊದಲು ಒಂದು ಬಾಯಿಮಾತಿನ ಒಪ್ಪಂದ ಇತ್ತು. ಸರ್ಕಾರ ತನ್ನ ಜನರಿಗೆ ಕೆಲಸ, ಅಗ್ಗದ ಕರೆಂಟು, ಅಗ್ಗದ ಪೆಟ್ರೋಲು ಕೊಡುತ್ತೆ, ತೆರಿಗೆ ಕೇಳಲ್ಲ. ಜನ ರಾಜಕೀಯದ ಮಾತು ಎತ್ತಬಾರದು. 2014ರಲ್ಲಿ ತೈಲದ ಬೆಲೆ ಬಿತ್ತು ನೋಡಿ, ಒಪ್ಪಂದ ಅಲ್ಲಾಡಿತು. 2016ರ ಏಪ್ರಿಲಿನಲ್ಲಿ, ತೈಲವೊಂದನ್ನೇ ನಂಬಿ ಕೂರುವುದು ಬೇಡ ಅನ್ನುವ ಸರ್ಕಾರದ ಯೋಜನೆ 'ವಿಷನ್ 2030' ಬಂತು.

ಅಂಕಿ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 2015ರಲ್ಲಿ ನನ್ನ ಕಾರಿಗೆ ಲೀಟರ್ ಪೆಟ್ರೋಲು 45 ಹಲಾಲ (ನೂರು ಹಲಾಲ ಅಂದ್ರೆ ಒಂದು ರಿಯಾಲ್). ಕುಡಿಯುವ ನೀರೇ ಅದಕ್ಕಿಂತ ದುಬಾರಿ. 2018ರ ಜನವರಿಗೆ ಅದು 1 ರಿಯಾಲ್ 37 ಹಲಾಲ ಆಯ್ತು. ಅದೇ ತಿಂಗಳು 5 ಪರ್ಸೆಂಟ್ ವ್ಯಾಟ್ ಶುರು. 2020ರ ಜುಲೈಗೆ ಅದು ಒಮ್ಮೆಲೇ 15. ತೆರಿಗೆ ಬಂತು, ಆ ದುಡ್ಡು ಎಲ್ಲಿಗೆ ಹೋಯ್ತು ಅಂತ ಕೇಳುವ ಜಾಗ ಮಾತ್ರ ಬರಲಿಲ್ಲ. ಸಂಸತ್ತಿನ ಬದಲು ಅಲ್ಲಿರುವ ಶೂರಾ ಅನ್ನುವ ಸಲಹಾ ಸಭೆಯ ಸದಸ್ಯರನ್ನು ದೊರೆಯೇ ನೇಮಿಸುತ್ತಾನೆ.

ನಮ್ಮಂಥವರಿಗೆ ಬೇರೆ ಪೆಟ್ಟು. 2017ರ ಜುಲೈನಿಂದ ಜೊತೆಗಿರುವ ಹೆಂಡತಿ ಮಕ್ಕಳಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ. ಪ್ರತಿ ವರ್ಷ ಇನ್ನೊಂದು ನೂರು ಸೇರಿಸುತ್ತಾ ಹೋಗುವುದು. ಊಟದ ಮೇಜಿನ ಮೇಲೆ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತೆವು. ಹೆಂಡತಿ, ಇಬ್ಬರು ಮಕ್ಕಳು. 2020ಕ್ಕೆ ತಿಂಗಳಿಗೆ 1200, ಅದೂ ಇಕಾಮಾ, ಅಂದ್ರೆ ಅಲ್ಲಿರಲು ಬೇಕಾದ ಪರವಾನಗಿಯ, ನವೀಕರಣದ ಹೊತ್ತಿಗೆ ವರ್ಷದ್ದು ಒಟ್ಟಿಗೇ. ಹೆಂಡತಿ ಕ್ಯಾಲ್ಕುಲೇಟರ್ ಆಫ್ ಮಾಡಿ, "ಮಕ್ಕಳ ಪರೀಕ್ಷೆ ಮುಗೀಲಿ" ಅಂದಳು. 2018ರ ಮಾರ್ಚಿನಲ್ಲಿ ಅವರನ್ನು ಮಂಗಳೂರಿನ ವಿಮಾನ ಹತ್ತಿಸಿದೆ. ಆ ವರ್ಷ ನಮ್ಮ ಬಿಲ್ಡಿಂಗಿನಲ್ಲಿ ಸೋಫಾ, ಫ್ರಿಜ್ ಕೇಳುವವರೇ ಇರಲಿಲ್ಲ. ಎಲ್ಲರೂ ಮಾರುವವರೇ.

ಹಾಗಂತ ಎಲ್ಲಾ ಸುಳ್ಳು ಅನ್ನಲಾರೆ. 2017ರ ಕೊನೆಗೆ ನಮ್ಮ ವಿಭಾಗಕ್ಕೆ ಮೊದಲ ಸೌದಿ ಹುಡುಗಿ ಬಂದಳು. ದಿನಾ ಅವಳ ತಮ್ಮ ಕಾರಿನಲ್ಲಿ ತಂದು ಬಿಡುವುದು, ಸಂಜೆ ಗೇಟಿನ ಹೊರಗೆ ಎಂಜಿನ್ ಚಾಲೂ ಇಟ್ಟುಕೊಂಡು ಕಾಯುವುದು. 2018ರ ಜೂನ್ 24ಕ್ಕೆ ಹೆಂಗಸರು ಕಾರು ಓಡಿಸಬಹುದು ಅಂತಾಯ್ತು. ಕೆಲವು ತಿಂಗಳ ನಂತರ ಆಕೆ ತಾನೇ ಓಡಿಸಿಕೊಂಡು ಬಂದಳು. ಪಾರ್ಕಿಂಗಿನಲ್ಲಿ ಮೂರು ಸಲ ಹಿಂದೆ ಮುಂದೆ ಮಾಡಿ, ಕೊನೆಗೆ ಎರಡು ಗಾಡಿಯ ಜಾಗ ಹಿಡಿದು ನಿಲ್ಲಿಸಿದಳು. ಯಾರೂ ತುಟಿ ಪಿಟಕ್ ಅನ್ನಲಿಲ್ಲ. ಆಕೆಯ ಸಂಬಳದಲ್ಲೇ ತಮ್ಮನ ಫೀಸು ಹೋಗುತ್ತಿತ್ತು. ಇಂಥದ್ದನ್ನು ಯಾವ ಹುಕುಂ ಬಂದರೂ ಹಿಂದಕ್ಕೆ ತಿರುಗಿಸುವುದು ಕಷ್ಟ. ನಾನು ಗಟ್ಟಿ ಅನ್ನುವುದು ಇದನ್ನ.

ಆದರೆ ಅದೇ ಹಕ್ಕಿಗೆ ವರ್ಷಗಟ್ಟಲೆ ಹೋರಾಡಿದ ಲುಜೈನ್ ಅಲ್ ಹತ್‌ಲೂಲ್ ಮತ್ತು ಇನ್ನು ಕೆಲವರನ್ನು ಒಂದು ತಿಂಗಳ ಮುಂಚೆ, ಮೇ ತಿಂಗಳಲ್ಲಿ, ಹಿಡಿದು ಒಳಗೆ ಹಾಕಿದ್ದರು. ಇದು ದೊರೆ ಕೊಟ್ಟ ಉಡುಗೊರೆ, ನೀವು ಕೇಳಿ ಪಡೆದದ್ದಲ್ಲ ಅಂತ ಊರಿಗೆಲ್ಲ ಗೊತ್ತಾಗಬೇಕಿತ್ತು ಅಂತ ನನಗೆ ಅನಿಸಿದೆ. ಟೊಳ್ಳು ಎಲ್ಲಿ ಅಂತ ಕೇಳಿದ್ರಲ್ಲ, ಅಲ್ಲಿ.

ಗೊಬ್ಬರದ_ಗಿರಾಕಿ

ಜುಬೈಲ್ ಅಣ್ಣ ಸೌದಿ ಹೇಳಿದರು. ಟ್ಯುನೀಷಿಯಾ ಬಗ್ಗೆ ನಾನು ಎರಡು ಮಾತು ಸೇರಿಸ್ತೀನಿ. ಗೊಬ್ಬರದ ಆಮದು ವಹಿವಾಟಿನಲ್ಲಿ ಇದ್ದವನು. ನಮ್ಮ ರೈತರು ಹಾಕುವ ಡಿಎಪಿ ಗೊಬ್ಬರಕ್ಕೆ ಫಾಸ್ಫೇಟ್ ಅನ್ನುವ ಅದಿರು ಬೇಕು. ಅದು ಬರುವ ಜಾಗಗಳಲ್ಲಿ ಟ್ಯುನೀಷಿಯಾದ ಗಫ್ಸಾ ಗಣಿ ಪ್ರದೇಶವೂ ಒಂದು.

ಕ್ರಾಂತಿ ಅಂದ್ರೆ ಎಲ್ಲರೂ ಬುವಾಝೀಝಿಯಿಂದ ಶುರು ಮಾಡ್ತಾರೆ. ಅದಕ್ಕೂ ಮುಂಚೆ, 2008ರಲ್ಲೇ, ಗಫ್ಸಾದ ರದೇಯಫ್ ಊರಿನವರು ಗಣಿ ಕಂಪನಿಯ ನೇಮಕಾತಿ ಪಟ್ಟಿಯಲ್ಲಿ ಮೋಸ ಆಗಿದೆ ಅಂತ ಆರು ತಿಂಗಳು ಹೋರಾಡಿದ್ದರು. ಬೆನ್ ಅಲಿಯ ಪೊಲೀಸರು ಹೊಡೆದು ಅಡಗಿಸಿದರು. ಅವರು ಕೇಳಿದ್ದು ಕೆಲಸ. 2011ರ ನಂತರ ಹೊಡೆಯುವ ಪೊಲೀಸರ ಭಯ ಹೋಯ್ತು, ಕೆಲಸ ಬರಲಿಲ್ಲ. ಹುಡುಗರು ಹೋಗಿ ಅದಿರು ಸಾಗಿಸುವ ರೈಲು ಹಳಿಯ ಮೇಲೆ ಕೂತರು. 2010ರಲ್ಲಿ 80 ಲಕ್ಷ ಟನ್ ಆಸುಪಾಸು ಇದ್ದ ಫಾಸ್ಫೇಟ್ ಮರುವರ್ಷ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಿತು. ಅವರನ್ನು ಸಮಾಧಾನ ಮಾಡಲು ಸರ್ಕಾರ ಇನ್ನಷ್ಟು ಜನರನ್ನು ಕೆಲಸಕ್ಕೆ ತಗೊಂಡಿತು. ಮಾಲು ಕಡಿಮೆ, ಸಂಬಳದ ಪಟ್ಟಿ ಉದ್ದ! ಯಾವ ಕಂಪನಿ ತಡೆಯುತ್ತೆ ಹೇಳಿ.

ಸಯೀದ್ ಸಂಸತ್ತಿಗೆ ಬೀಗ ಹಾಕಿದ್ದು ಸರಿಯೋ ತಪ್ಪೋ ಅಂತ ಹೇಳಬೇಕಾದ್ದು ಸಂವಿಧಾನ ನ್ಯಾಯಾಲಯ. 2014ರ ಸಂವಿಧಾನದಲ್ಲಿ ಅದು ಇತ್ತು. ಆದರೆ ನ್ಯಾಯಾಧೀಶರು ಯಾರಾಗಬೇಕು ಅಂತ ಪಕ್ಷಗಳು ಏಳು ವರ್ಷ ಕಿತ್ತಾಡಿ, ನ್ಯಾಯಾಲಯ ಶುರುವೇ ಆಗಲಿಲ್ಲ. ಬೀಗ ಹಾಕಿದ ದಿನ ಹೋಗಿ ಕೇಳಲು ಬಾಗಿಲೇ ಇರಲಿಲ್ಲ. ಪಕ್ಷಗಳು ತಾವೇ ಮಾಡಿಕೊಂಡದ್ದು, ನನಗಂತೂ ಅವರ ಮೇಲೆ ಕನಿಕರ ಇಲ್ಲ. ಆಮೇಲೆ ಜೈಲಿಗೆ ಹೋದ ಪತ್ರಕರ್ತರ ಮೇಲೆ ಇದೆ.

ಧಾರವಾಡ_ಪೇಡೆ

ಹಳಿಯ ಮೇಲೆ ಕೂತ ಹುಡುಗರಿಂದಲೇ ಶುರು ಮಾಡ್ತೀನಿ ಸರ್, ಥ್ಯಾಂಕ್ಸ್. ಜುಬೈಲ್ ಸರ್, ಈಜಿಪ್ಟ್ ಬಿಟ್ಟೇಬಿಟ್ರಲ್ಲಾ? ಮತ್ತೆ ಕಾರು ಓಡಿಸಿಕೊಂಡು ಬಂದ ಆ ಮೇಡಂ ಈಗ ಎಲ್ಲಿದ್ದಾರೆ?

ಜುಬೈಲ್_ರಿಟರ್ನ್

ಈಜಿಪ್ಟ್ ಅಂದ್ರೆ ನನಗೆ ಪಕ್ಕದ ಟೇಬಲ್ಲಿನ ಸಹೋದ್ಯೋಗಿ, ಕೈರೋದವನು. 2016ರ ನವೆಂಬರ್ 3ರಂದು ಅವರ ಸರ್ಕಾರ ಪೌಂಡಿನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಐಎಂಎಫ್‌ನ 12 ಬಿಲಿಯನ್ ಡಾಲರ್ ಸಾಲಕ್ಕೆ ಅದೇ ಷರತ್ತು. ಡಾಲರಿಗೆ 8.8 ಪೌಂಡ್ ಇದ್ದದ್ದು ಕೆಲವೇ ವಾರದಲ್ಲಿ 18ರ ಆಸುಪಾಸು. ಬ್ಯಾಂಕಿನಲ್ಲಿ ಕಳಿಸಿದರೆ ರಿಯಾಲಿಗೆ ಈಗ ಎಷ್ಟು ಜಾಸ್ತಿ ಅಂತ ಆ ದಿನ ಎಲ್ಲರಿಗೂ ಸಿಹಿ ಹಂಚಿದ. ಒಂದು ತಿಂಗಳಿಗೆ ಮುಖ ಸಪ್ಪೆ. ಕಳಿಸಿದ ಹೆಚ್ಚಿನ ದುಡ್ಡು ಅಮ್ಮನ ಔಷಧಿಗೇ ಸಾಲುತ್ತಿಲ್ಲ. ಅಂಗಡಿಯಲ್ಲಿ ಸಕ್ಕರೆ ಸಿಗುವುದೇ ಕಷ್ಟ.

ಅವರ ಭಾಷೆಯಲ್ಲಿ ರೊಟ್ಟಿಗೆ 'ಐಷ್' ಅಂತಾರೆ, ಬದುಕು ಅಂತಲೂ ಅದೇ ಮಾತು. 1977ರಲ್ಲಿ ಅಧ್ಯಕ್ಷ ಸಾದಾತ್ ಸಬ್ಸಿಡಿಗೆ ಕೈ ಹಾಕಿದಾಗ ಊರೂರೇ ಎದ್ದು, ಎರಡೇ ದಿನದಲ್ಲಿ ಆದೇಶ ವಾಪಸ್. 2011ರ ಕ್ರಾಂತಿಯಲ್ಲಿ ಜನ ಕೂಗಿದ ಘೋಷಣೆಯಲ್ಲೂ ಮೊದಲ ಪದ 'ಐಷ್'. 2024ರ ಜೂನಿನಲ್ಲಿ ಸಬ್ಸಿಡಿ ರೊಟ್ಟಿ 5 ಪಿಯಾಸ್ಟರಿನಿಂದ (ಪೌಂಡಿನ ನೂರನೇ ಒಂದು ಭಾಗ) 20ಕ್ಕೆ ಏರಿತು. ಹಾಗೇ ನಡೆದುಹೋಯ್ತು. ಜನ ಏನಂತಾರೆ ಅಂತ ಅವನಿಗೆ ಮೆಸೇಜ್ ಮಾಡಿದೆ. "ನಿನ್ನ ಮಗನ ರಿಸಲ್ಟ್ ಬಂತಾ?" ಅಂತ ಉತ್ತರ ಬಂತು. ಅರ್ಥ ಆಯ್ತಲ್ಲ ಮಾರಾಯ್ರೆ.

ಆ ಹುಡುಗಿ ಈಗ ನನ್ನ ಕುರ್ಚಿಯಲ್ಲೇ ಇದ್ದಾಳೆ. 2021ರಲ್ಲಿ ಅಕೌಂಟೆಂಟ್ ಕೆಲಸದಲ್ಲಿ ಸೌದಿಗಳಿಗೆ ಪಾಲು ಕಡ್ಡಾಯ ಆಯ್ತು, ನಾನು ಬ್ಯಾಗ್ ಕಟ್ಟಿದೆ. ಕೆಲಸ ಕಲಿಸಿದವನು ನಾನೇ, ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ಹೋದ ತಿಂಗಳು ಆಕೆ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಹಳೇ ಫೈಲು, ಝಕಾತ್ (ಇಸ್ಲಾಮಿನಲ್ಲಿ ಕಡ್ಡಾಯವಾದ ದಾನ) ಲೆಕ್ಕದ ಪಕ್ಕ ಪೆನ್ಸಿಲಿನಲ್ಲಿ ನಾನು ಬರೆದಿಟ್ಟ ಒಂದು ಸಂಖ್ಯೆ. ಇದು ಎಲ್ಲಿಂದ ಬಂತು ಅಂತ ಪ್ರಶ್ನೆ. ಎರಡು ದಿನ ತಲೆ ಕೆರೆದುಕೊಂಡೆ. ನೆನಪಾಗಲಿಲ್ಲ.