12 ದಿನ ಅಡುಗೆ ಕಲಿಸಿದರೂ ಮಕ್ಕಳ ತೂಕ ಏರುತ್ತಿಲ್ಲ: ಜೋಳದ ಗಂಜಿಯಲ್ಲಿ ತಪ್ಪೆಲ್ಲಿ?

ಬಟ್ಟಲು_ಯಾದಗಿರಿ
ತೂಕ ಕಡಿಮೆ ಇರುವ ಮಕ್ಕಳ ತಾಯಂದಿರನ್ನು 12 ದಿನ ಕೂಡಿಸಿ ಅಡುಗೆ ಮಾಡಿಸುತ್ತಿದ್ದೇವೆ. ಮಕ್ಕಳು 8ರಿಂದ 20 ತಿಂಗಳಿನವರು, ತೋಳಿನ ಸುತ್ತಳತೆ 11.5ರಿಂದ 12.5 ಸೆಂ.ಮೀ. ನಡುವೆ. ಕೊನೆಯ ದಿನ ತೂಗಿದರೆ ಅರ್ಧಕ್ಕರ್ಧ ಮಕ್ಕಳು 200 ಗ್ರಾಂ ಕೂಡ ಏರಿರುವುದಿಲ್ಲ. ಮಾಡಿಸುವುದು ಜೋಳದ ಗಂಜಿ: ಒಂದೂವರೆ ದೊಡ್ಡ ಚಮಚ ಹಿಟ್ಟು, ಒಂದು ಲೋಟ ನೀರು, ಚೂರು ಬೆಲ್ಲ. ಗಟ್ಟಿ ಮಾಡಿದರೆ ಕೂಸು ಉಗುಳುತ್ತದೆ. ಮೊಳಕೆ ರಾಗಿ ಹಿಟ್ಟು ಒಳ್ಳೆಯದು ಅನ್ನುತ್ತಾರೆ, ಆದರೆ ಇಲ್ಲಿ ಮನೆಗಳಲ್ಲಿ ಇರುವುದು ಜೋಳ. ಜೋಳವನ್ನೇ ಮೊಳಕೆ ಕಟ್ಟಿ ಬೀಸಬಹುದಾ?

ಪಥ್ಯದ_ಲೆಕ್ಕ
ತಪ್ಪು ಜೋಳದ್ದಲ್ಲ, ನೀರಿನದು. ನೀವು ಹಾಕುತ್ತಿರುವ ಹಿಟ್ಟು 15 ಗ್ರಾಂ, ಅಂದರೆ ಸುಮಾರು 50 ಕ್ಯಾಲರಿ. 7 ಕಿಲೋ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದೇ 200 ಮಿ.ಲೀ. ಆಸುಪಾಸು. 9ರಿಂದ 11 ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ಊಟದಿಂದಲೇ ದಿನಕ್ಕೆ 300 ಕ್ಯಾಲರಿ ಸಿಗಬೇಕು, ವರ್ಷ ತುಂಬಿದ ಮೇಲೆ 550. ಸೊರಗಿದ ಮಗು ಚೇತರಿಸಿಕೊಳ್ಳಲು ಇದಕ್ಕಿಂತ ಹೆಚ್ಚೇ ಬೇಕು. ತೆಳ್ಳನೆಯ ಗಂಜಿ ಮೂರು ಸಲ ಕುಡಿದರೂ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.

ಅದೇ ಬಟ್ಟಲಿಗೆ ಹೀಗೆ ಮಾಡಿಸಿ. ಹುರಿದ ಹೆಸರುಬೇಳೆ 15 ಗ್ರಾಂ, ಮೆತ್ತಗೆ ಬೇಯಿಸಿ ಮಸೆಯಬೇಕು. ಜೋಳದ ಹಿಟ್ಟು 30 ಗ್ರಾಂ, ತಣ್ಣೀರಲ್ಲಿ ಕದಡಿ ಬೇಳೆಗೆ ಸುರಿದು, ಹಸಿ ವಾಸನೆ ಹೋಗುವವರೆಗೆ ಕುದಿಸಬೇಕು. ಇಳಿಸುವಾಗ ಶೇಂಗಾ ಪುಡಿ 10 ಗ್ರಾಂ, ಎಣ್ಣೆ ಅಥವಾ ತುಪ್ಪ ಒಂದು ಸಣ್ಣ ಚಮಚ, ಬೆಲ್ಲ 5 ಗ್ರಾಂ. ಒಟ್ಟು 250 ಮಿ.ಲೀ.ಗೆ 260-270 ಕ್ಯಾಲರಿ ಆಗುತ್ತದೆ. ಸಣ್ಣ ಕೂಸಿಗೆ ಇದು ಎರಡು ಹೊತ್ತಿನ ಅಳತೆ, ಹೊತ್ತಿಗೆ ಅರ್ಧರ್ಧ ಮಾಡಿಸಿ. ಎಣ್ಣೆ ಬಿಡಿಸಬೇಡಿ. "ಕೂಸಿಗೆ ಎಣ್ಣಿ ಅರಗೂದಿಲ್ಲ" ಎಂಬ ಮಾತು ಬಂದೇ ಬರುತ್ತದೆ, ಆದರೆ ಹೊಟ್ಟೆ ಚಿಕ್ಕದಿರುವ ಮಗುವಿಗೆ ಆ ಒಂದು ಚಮಚದಲ್ಲೇ 45 ಕ್ಯಾಲರಿ ಇದೆ.

ಇದು ಗಟ್ಟಿಯಾಗುತ್ತದೆ, ನಿಜ. ಅಲ್ಲೇ ಮೊಳಕೆ ಹಿಟ್ಟು ಬೇಕಾಗುವುದು, ಅದೂ ಒಂದೇ ಸಣ್ಣ ಚಮಚ. ಮೊಳಕೆಯಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಮುದ್ದೆಯಂತಿದ್ದ ಗಂಜಿ ಕಣ್ಣೆದುರೇ ಸಡಿಲಾಗಿ ಚಮಚದಿಂದ ಜಾರುತ್ತದೆ. ಹಿಟ್ಟು ಅಷ್ಟೇ ಇರುತ್ತದೆ, ನೀರು ಸೇರಿಸಬೇಕಿಲ್ಲ. ಕುದಿಯುವಾಗಲೇ ಹಾಕಿದರೆ ಕಿಣ್ವ ಸತ್ತು ಏನೂ ಆಗುವುದಿಲ್ಲ. ಒಲೆಯಿಂದ ಇಳಿಸಿ, ಆವಿಯ ಜೋರು ಇಳಿದ ಮೇಲೆ (65-70 ಡಿಗ್ರಿ) ಹಾಕಿ ಕಲಸಿ, 10 ನಿಮಿಷ ಮುಚ್ಚಿಡಿ. ಆಮೇಲೆ ಮತ್ತೊಂದು ಕುದಿ ಬರಿಸಲೇಬೇಕು, ಏಕೆಂದರೆ ಮೊಳಕೆ ಹಿಟ್ಟಿನಲ್ಲಿ ಸೂಕ್ಷ್ಮಾಣು ಇರುತ್ತವೆ. ಕುದಿಸಿದರೂ ಗಂಜಿ ಮತ್ತೆ ಮೊದಲಿನಂತೆ ಗಟ್ಟಿಯಾಗುವುದಿಲ್ಲ.

ಅಂಗಡಿಯ ರಾಗಿ ಮಾಲ್ಟ್ ಹಾಕಿದಾಗ ಗಂಜಿ ಸಡಿಲಾಗದಿದ್ದರೆ ಅದನ್ನು ಹೆಚ್ಚು ಹುರಿದಿರಬಹುದು.

ಹೊಲಮನೆ
ಜೋಳದ ಮೊಳಕೆ ಬೇಡ, ದಯವಿಟ್ಟು. ಜೋಳದ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶ ಹುಟ್ಟುತ್ತದೆ. ಎಳೆ ಜೋಳದ ಪೈರು ಮೇಯ್ದು ದನ ಸಾಯುವುದು ಅದರಿಂದಲೇ. ಮೊಳಕೆ, ಬೇರು ಪೂರ್ತಿ ಉಜ್ಜಿ ತೆಗೆದರೆ ಕಡಿಮೆಯಾಗುತ್ತದೆ, ಆದರೆ ಮನೆಯಲ್ಲಿ ಎಲ್ಲರೂ ಅಷ್ಟು ಚೊಕ್ಕ ಮಾಡುತ್ತಾರೆಂದು ನಂಬುವ ಹಾಗಿಲ್ಲ. ಕೂಸಿನ ವಿಷಯದಲ್ಲಿ ಆ ಅಪಾಯ ಏಕೆ? ಜೋಳ ಊಟಕ್ಕಿರಲಿ, ಮೊಳಕೆಗೆ ಮಾತ್ರ ಒಂದು ಕಿಲೋ ರಾಗಿ ತರಿಸಿ. ಬಟ್ಟಲಿಗೆ 4 ಗ್ರಾಂ ಲೆಕ್ಕದಲ್ಲಿ 200 ಬಟ್ಟಲಿಗೂ ಹೆಚ್ಚು ಬರುತ್ತದೆ.

ರಾಗಿಯನ್ನು ಮೂರು ಸಲ ತೊಳೆದು, ಕಲ್ಲು ಜಾಲಿಸಿ, 12 ಗಂಟೆ ನೆನೆಸಿ. ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಬಿಗಿ ಕಟ್ಟಿದರೆ ನಡುವಿನ ಕಾಳು ಬೆಂದಂತಾಗಿ ಲೋಳೆ ಬರುತ್ತದೆ. ಒಂದೂವರೆ ದಿನದಲ್ಲಿ ಅರ್ಧ ಸೆಂ.ಮೀ. ಮೊಳಕೆ ಸಾಕು. ಬಿಸಿಲಲ್ಲಿ ಗರಿಗರಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಕೇರಿ ತೆಗೆದು ಬೀಸಿ. ಹುಳಿ ವಾಸನೆ ಬಂದರೆ, ಹಸಿರು ಅಥವಾ ಕಪ್ಪು ಬೂಷ್ಟು ಕಂಡರೆ ಇಡೀ ಗಂಟನ್ನೇ ಚೆಲ್ಲಿ.

ಶೇಂಗಾದಲ್ಲೂ ಅಷ್ಟೇ. ಸೊರಗಿದ, ಕಪ್ಪಾದ, ಕಹಿ ಕಾಳು ಆರಿಸಿ ತೆಗೆಯಬೇಕು, ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಪುಡಿ ವಾರಕ್ಕಾಗುವಷ್ಟೇ ಕುಟ್ಟಿಸಿ, ಇಲ್ಲದಿದ್ದರೆ ಕಮಟಾಗುತ್ತದೆ. ನಿಮ್ಮ ಕಡೆ ಶೇಂಗಾ ಹಿಂಡಿ (ಚಟ್ನಿಪುಡಿ) ಮನೆಮನೆಯಲ್ಲೂ ಇದೆ. ಕುಟ್ಟುವ ದಿನ ಖಾರ, ಉಪ್ಪು ಬೀಳುವ ಮೊದಲೇ ಕೂಸಿನ ಪಾಲು ತೆಗೆದಿಡಿ ಎನ್ನಿ. ಹೊಸ ಕೆಲಸ ಅನಿಸುವುದಿಲ್ಲ, ಹಾಗಾಗಿ ನಿಲ್ಲುತ್ತದೆ.

ಬಟ್ಟಲು_ಯಾದಗಿರಿ
ಹತ್ತಿ ಬಿಡಿಸುವ ಕಾಲಕ್ಕೆ ತಾಯಿ ಬೆಳಗ್ಗೆಯೇ ಹೊಲಕ್ಕೆ ಹೋಗುತ್ತಾಳೆ. ಮಧ್ಯಾಹ್ನ ಉಣಿಸುವುದು ಅಜ್ಜಿ, ಅವರು ಒಲೆ ಹಚ್ಚುವುದಿಲ್ಲ. ಬೆಳಗಿನ ಗಂಜಿಯನ್ನೇ ಇಡಬಹುದಾ?

ಅಂಗಳ_ಆರೋಗ್ಯ
ಬೇಡ. ಹೊರಗಿಟ್ಟ ಗಂಜಿ ಎರಡು ಗಂಟೆಯಲ್ಲೇ ಕೆಡತೊಡಗುತ್ತದೆ. ಭೇದಿಯಾದರೆ ವಾರದಲ್ಲಿ ಬಂದ ತೂಕ ಎರಡು ದಿನದಲ್ಲಿ ಹೋಗುತ್ತದೆ. ಮಧ್ಯಾಹ್ನಕ್ಕೆ ಒಣ ಹಿಟ್ಟು ಮಾಡಿಡಿ: ಹುರಿದ ಜೋಳದ ಹಿಟ್ಟು 2 ಪಾಲು, ಪುಟಾಣಿ (ಹುರಿಗಡಲೆ) ಹಿಟ್ಟು 1 ಪಾಲು, ಶೇಂಗಾ ಪುಡಿ ಅರ್ಧ ಪಾಲು. ಕಾಯಿಸಿ ಆರಿಸಿದ ನೀರು ಅಥವಾ ಹಾಲು, ಬೆಲ್ಲ, ಕಿವುಚಿದ ಬಾಳೆಹಣ್ಣು ಹಾಕಿ ಕಲಸಿದರೆ ಒಲೆ ಬೇಕಿಲ್ಲ. ಪುಟಾಣಿ ಮೊದಲೇ ಹುರಿದದ್ದು, ಜೋಳವನ್ನು ಮಾತ್ರ ಚೆನ್ನಾಗಿ ಹುರಿದಿರಬೇಕು.

ಕಲಿಯುವವರ ಸಾಲಿನಲ್ಲಿ ಅಜ್ಜಿಯನ್ನೂ ಕೂಡಿಸಿ, ಅಳತೆ ಅವರ ಕೈಯಿಂದಲೇ ಆಗಲಿ. ತಕ್ಕಡಿ ಮನೆಗೆ ಬರುವುದಿಲ್ಲ. ನೀವು ಒಂದು ಸಲ ತೂಗಿ, ಅವರ ಮನೆಯ ಚಮಚಕ್ಕೆ ಎಷ್ಟು ಎಂದು ಗುರುತು ಹಾಕಿಕೊಡಿ. ಊಟವಾದ ಕೂಡಲೇ ಚಹಾ ಕುಡಿಸುವುದನ್ನು ನಿಲ್ಲಿಸಿ, ಕಬ್ಬಿಣಾಂಶ ಹಿಡಿಯಲು ಅದು ಬಿಡುವುದಿಲ್ಲ. ನುಗ್ಗೆಸೊಪ್ಪಿನ ಮೇಲೆ ಎರಡು ಹನಿ ನಿಂಬೆ ಹಿಂಡಿದರೆ ಚೆನ್ನಾಗಿ ಹಿಡಿಯುತ್ತದೆ.

ತೂಕಕ್ಕೆ ಒಂದೇ ತಕ್ಕಡಿ, ಒಂದೇ ಹೊತ್ತು, ಬಟ್ಟೆ ಇಲ್ಲದೆ. ಈ 12 ದಿನದಲ್ಲಿ ಕಾಣುವುದು ತೂಕ ಮಾತ್ರ, ಎತ್ತರವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎನ್‌ಎಫ್‌ಎಚ್‌ಎಸ್-5 (2019-21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 35.4% ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಎತ್ತರ ಬರಲು ಬಸಿರಿನಿಂದ ಕೂಸಿಗೆ ಎರಡು ವರ್ಷ ತುಂಬುವವರೆಗೆ ತಾಯಿಗೂ ಕೂಸಿಗೂ ಒಳ್ಳೆಯ ಊಟ ಸಿಗುತ್ತಿರಬೇಕು.

ಇನ್ನೊಂದು. ಸುತ್ತಳತೆ 11.5 ಸೆಂ.ಮೀ.ಗಿಂತ ಕೆಳಗಿದ್ದರೆ, ಎರಡೂ ಪಾದ ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿದಾಗ ಕುಳಿ ಉಳಿದರೆ, ಅಥವಾ ಮಗು ಏನು ಕೊಟ್ಟರೂ ಬಾಯಿ ತೆರೆಯದಿದ್ದರೆ ಅಡುಗೆ ಕಲಿಸುತ್ತಾ ಕಾಯಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ. ಪಾದ ಬಾತಿದ್ದರೆ, ಊಟ ಬಿಟ್ಟಿದ್ದರೆ ನೇರ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ, ಅಂದರೆ ಎನ್‌ಆರ್‌ಸಿಗೆ ಸೇರಿಸಬೇಕು.