ಒಳಕಿವಿ ಬೆಳೆಯೋವಾಗ ಸೆಲ್ ಡೆತ್ ಒಟ್ಟು ಎಷ್ಟು ಥರ?

ಎಮ್ಮೆಸ್ಸಿ_ಝೂ:
ನಾಳಿದ್ದು ಸೆಮಿನಾರ್ ಇದೆ, ತಲೆ ಕೆಟ್ಟೋಗಿದೆ. ನೋಟ್ಸಲ್ಲಿ ಮಾರ್ಫೋಜೆನೆಟಿಕ್ (ಅಂಗಕ್ಕೆ ಆಕಾರ ಬರೋಕೆ), ಹಿಸ್ಟೋಜೆನೆಟಿಕ್ (ಅಂಗಾಂಶ ರೂಪುಗೊಳ್ಳೋಕೆ), ಫೈಲೋಜೆನೆಟಿಕ್ (ಬೇಡವಾದ ಹಳೇ ಅಂಗ ಹೋಗೋಕೆ) ಅಂತ ಮೂರಿದೆ, ಪುಸ್ತಕ ತೆಗೆದ್ರೆ ಅಪೊಪ್ಟೋಸಿಸ್ (ಸೆಲ್ ತಾನಾಗೇ ಕುಗ್ಗಿ ಚೂರಾಗಿ ಸಾಯೋದು), ನೆಕ್ರೋಸಿಸ್ ಅಂತಿದೆ. ಒಟ್ಟು ಐದಾ? ಕೋಳಿ ಭ್ರೂಣದ ಉದಾಹರಣೆ ಇದ್ರೆ ಹೇಳಿ ಪ್ಲೀಸ್.

ಹಳೇ_ಲ್ಯಾಬ್‌ಕೋಟು:
ಐದಲ್ಲ ಮಾರಾಯ, ಎರಡು ಬೇರೆ ಲೆಕ್ಕ ತಂದು ಕೂಡಿಸ್ತಿದೀಯ. ನಿನ್ನ ನೋಟ್ಸಿನ ಆ ಮೂರು ಗ್ಲುಕ್ಸ್‌ಮನ್ ಅನ್ನೋ ವಿಜ್ಞಾನಿ 1951ರಲ್ಲಿ ಮಾಡಿದ್ದು, ಸೆಲ್ ಯಾಕೆ ಸತ್ತಿತು ಅಂತ. ಅಪೊಪ್ಟೋಸಿಸ್ ಅನ್ನೋ ಹೆಸರು ಬಂದಿದ್ದೇ 1972ರಲ್ಲಿ, ಅದು ಹೇಗೆ ಸತ್ತಿತು ಅಂತ. ನೆಕ್ರೋಸಿಸ್ ಸಾಮಾನ್ಯವಾಗಿ ಪೆಟ್ಟು ಬಿದ್ದಾಗ ಆಗೋದು, ಇಲ್ಲಿ ಬಿಟ್ಬಿಡು.

ಈಗ ಕಿವಿ. ತಲೆ ಪಕ್ಕದ ಹೊರಪದರ ದಪ್ಪ ಆಗಿ ಒಳಗೆ ಗುಳಿ ಬಿದ್ದು ಬಟ್ಟಲಾಗತ್ತೆ, ಆಮೇಲೆ ಬಾಯಿ ಮುಚ್ಕೊಂಡು ಚೀಲ. ಆ ಬಾಯಿ ಕೂಡ್ಕೊಳ್ಳೋ ಅಂಚಲ್ಲೇ ಸೆಲ್‌ಗಳು ಸಾಯ್ತವೆ, ಚೀಲ ಹೊರಪದರ ಬಿಟ್ಟು ಬೇರೆ ಆಗತ್ತೆ. ಇದೇ ನಿನ್ನ ಮಾರ್ಫೋಜೆನೆಟಿಕ್. ನಾವು ಮೂರು ದಿನ ಕಾವು ಕೊಟ್ಟ ಕೋಳಿಮೊಟ್ಟೆಯ ಭ್ರೂಣ ತೆಳ್ಳಗೆ ಸೆಕ್ಷನ್ ಮಾಡಿದಾಗ ಅಲ್ಲಿ ಮೆಣಸಿನಪುಡಿ ಉದುರಿಸಿದ ಹಾಗೆ ಸಣ್ಣ ಕಪ್ಪು ಚುಕ್ಕಿ ಕಾಣ್ತಿತ್ತು, ನಾನು ಸ್ಟೇನ್ (ಬಣ್ಣ) ಕೊಳೆ ಅಂದ್ಕೊಂಡು ಎರಡು ಸ್ಲೈಡ್ ಎಸೆದಿದ್ದೆ 😅 ಅವು ಕುಗ್ಗಿ ಚೂರಾದ ನ್ಯೂಕ್ಲಿಯಸ್‌ಗಳು!

ನರದ_ಹುಚ್ಚು:
ಹಿಸ್ಟೋಜೆನೆಟಿಕ್‌ಗೆ ಒಳಕಿವಿಯ ಗ್ಯಾಂಗ್ಲಿಯನ್ (ನರಕೋಶಗಳ ಗಂಟು) ತಗೊಳ್ಳಿ. ಚೀಲದಿಂದ ಹೊರಬಿದ್ದ ನರಕೋಶಗಳು ಬೇಕಾದ್ದಕ್ಕಿಂತ ಜಾಸ್ತಿ ಇರ್ತವೆ, ಬಿಡಿಎನ್ಎಫ್, ಎನ್‌ಟಿ-3 ಅನ್ನೋ ಪೋಷಕ ಪ್ರೋಟೀನ್ ಸಿಕ್ಕವು ಉಳಿತವೆ, ಸಿಗದೇ ಇದ್ದವು ಹೋಗ್ತವೆ. ಇಲಿಯಲ್ಲಿ ಈ ಎರಡೂ ಪ್ರೋಟೀನಿನ ಜೀನ್ ತೆಗೆದ್ರೆ ಒಳಕಿವಿಗೆ ಬರೋ ಸೆನ್ಸರಿ ನರಕೋಶ ಒಂದೂ ಉಳಿಯಲ್ಲ.

ಎಮ್ಮೆಸ್ಸಿ_ಝೂ:
ಸೂಪರ್ ಸರ್. ಹಂಗಾದ್ರೆ ಫೈಲೋಜೆನೆಟಿಕ್‌ಗೆ ಕಿವಿಯಲ್ಲಿ ಏನು ಹೇಳ್ಲಿ?

ಹಳೇ_ಲ್ಯಾಬ್‌ಕೋಟು:
ಎಳೆದು ತರ್ಬೇಡ. ಅದು ಗೊದಮೊಟ್ಟೆ ಬಾಲ ಕರಗೋ ಥರದ್ದು, ಅಷ್ಟೇ ಹೇಳಿ ಮುಂದೆ ಹೋಗು. ಅದರ ಬದಲು ಅರ್ಧವೃತ್ತ ನಾಳ (ಒಳಕಿವಿಯಲ್ಲಿ ಸಮತೋಲನ ನೋಡ್ಕೊಳ್ಳೋ ಬಾಗಿದ ಕೊಳವೆ) ಹಾಕು: ಚೀಲದ ಎರಡು ಗೋಡೆ ಒಂದಕ್ಕೊಂದು ಅಂಟ್ಕೊಂಡು ಮಧ್ಯದ ತಟ್ಟೆ ಮಾಯ ಆಗತ್ತೆ, ಉಳಿದ ಅಂಚೇ ನಾಳ. ಕೋಳಿಯಲ್ಲಿ ಆ ತಟ್ಟೇಲಿ ಸಾವು ಜೋರಾಗಿ ಕಾಣತ್ತೆ, ಇಲಿಯಲ್ಲಿ ಅಷ್ಟಿಲ್ಲ, ಅಲ್ಲಿ ಸೆಲ್‌ಗಳು ಪಕ್ಕಕ್ಕೆ ಸರಿಯೋದೇ ಜಾಸ್ತಿ. ಎಕ್ಸಾಮಿನರ್ ಇದನ್ನ ಕೇಳೇ ಕೇಳ್ತಾರೆ, ಯಾವ ಪ್ರಾಣಿ ಅಂತ ಸೆಮಿನಾರ್ ಸ್ಲೈಡ್ ಮೇಲೇ ಬರ್ಕೋ.